ನಿದ್ದೆಯಲ್ಲೇ ಮುಗಿಸಿಬಿಟ್ಟರು

ಕಥೆಯಲ್ಲಿ ಮಕ್ಕಳು ಸಾಯಲೇಬಾರದು ಎಂದು ಹಟ ಹಿಡಿಯುವವಳಲ್ಲ ನಾನು. ಹಾಗೆ ಹಟ ಹಿಡಿದರೆ ಮಹಾಭಾರತವನ್ನೇ ಕಟ್ಟಿ ಅಟ್ಟದ ಮೇಲೆ ಇಡಬೇಕಾದೀತು. ಆದರೆ 1992ರಲ್ಲಿ ಬಂದ 'ಏಲಿಯನ್ 3' ಎಂಬ ಇಂಗ್ಲಿಷ್ ಚಿತ್ರ ಒಬ್ಬ ಪುಟ್ಟ ಹುಡುಗಿಯನ್ನು ಸಾಯಿಸಿದ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ತಕರಾರು ಎಂದರೆ ಸಣ್ಣ ಮಾತಾಯಿತು. ಸಿಟ್ಟಿದೆ. ಇಷ್ಟು ವರ್ಷಗಳಾದರೂ ಆರದ ಸಿಟ್ಟು.

ರಾಕೆಟ್ಟು, ಜೊಲ್ಲು ಸುರಿಸುವ ರಾಕ್ಷಸ ಪ್ರಾಣಿ, ರಕ್ತ... ಇಂಥ ಚಿತ್ರವನ್ನು ಹೆಂಗಸರು ನೋಡುತ್ತಾರೆಯೇ ಎಂದು ನೀವು ಮೂಗು ಮುರಿಯಬಹುದು. ನಮ್ಮ ಮನೆಯಲ್ಲೂ ಮುರಿದರು. ವಿಡಿಯೋ ಅಂಗಡಿಯಿಂದ ಕ್ಯಾಸೆಟ್ ತಂದಾಗಲೆಲ್ಲ ಅದು ಹುಡುಗರಿಗಾಗಿ ತಂದದ್ದು ಎಂದೇ ಎಲ್ಲರೂ ತಿಳಿದುಕೊಳ್ಳುತ್ತಿದ್ದರು. ಆದರೆ ನಾನು ನೋಡುತ್ತಿದ್ದುದು ರಾಕ್ಷಸನನ್ನಲ್ಲ, ರಿಪ್ಲಿ ಎಂಬ ಹೆಂಗಸನ್ನು. 1979ರಲ್ಲಿ ರಿಡ್ಲಿ ಸ್ಕಾಟ್ ಮಾಡಿದ ಮೊದಲ 'ಏಲಿಯನ್' ಚಿತ್ರದಲ್ಲಿ ಸರಕು ಸಾಗಿಸುವ ಬಾಹ್ಯಾಕಾಶ ಹಡಗೊಂದರ ಏಳು ಜನ ಸಿಬ್ಬಂದಿಯಲ್ಲಿ ಅವಳೂ ಒಬ್ಬಳು. ಆ ಚಿತ್ರಕಥೆ ಬರೆದವರು, ಈ ಪಾತ್ರಗಳನ್ನು ಗಂಡಸರೂ ಮಾಡಬಹುದು, ಹೆಂಗಸರೂ ಮಾಡಬಹುದು ಎಂದು ಮೊದಲೇ ಬರೆದಿಟ್ಟಿದ್ದರಂತೆ. ಸಿಗೋರ್ನಿ ವೀವರ್ ಆ ಪಾತ್ರಕ್ಕೆ ಬಂದಳು. ಹಾಗಾಗಿ ರಿಪ್ಲಿ ಯಾರ ಹೆಂಡತಿಯೂ ಅಲ್ಲ, ಯಾರ ಪ್ರೇಯಸಿಯೂ ಅಲ್ಲ. ಕೆಲಸ ಬಲ್ಲ ಹೆಂಗಸು, ಅಷ್ಟೇ. ನಿಯಮ ಮುರಿದು ಬಾಗಿಲು ತೆರೆಯಬೇಡಿ ಎಂದು ಅವಳು ಹೇಳುತ್ತಾಳೆ, ಯಾರೂ ಕೇಳುವುದಿಲ್ಲ, ಎಲ್ಲರೂ ಸಾಯುತ್ತಾರೆ. ಬದುಕಿ ಉಳಿಯುವುದು ಅವಳು ಮತ್ತು ಒಂದು ಬೆಕ್ಕು. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ, ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದ ಅನುಭವವಿರುವ ಯಾವ ಹೆಂಗಸಿಗೆ ಈ ಕಥೆ ಅರ್ಥವಾಗುವುದಿಲ್ಲ ಹೇಳಿ?

ಎರಡನೆಯದು 'ಏಲಿಯನ್ಸ್', 1986ರದ್ದು. ಜೇಮ್ಸ್ ಕ್ಯಾಮರೂನ್ ನಿರ್ದೇಶನ. ರಿಪ್ಲಿ 57 ವರ್ಷ ಗಾಜಿನ ಪೆಟ್ಟಿಗೆಯ ನಿದ್ದೆಯಲ್ಲಿ ತೇಲಿ ಎಚ್ಚರಗೊಳ್ಳುತ್ತಾಳೆ. ಆಮೇಲೆ ಬಿಡುಗಡೆಯಾದ ದೀರ್ಘ ಆವೃತ್ತಿಯಲ್ಲಿ ಒಂದು ದೃಶ್ಯವಿದೆ. ರಿಪ್ಲಿಗೆ ಒಬ್ಬ ಮಗಳಿದ್ದಳು. ನಿನ್ನ ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಬಂದುಬಿಡುತ್ತೇನೆ ಎಂದು ಮಾತು ಕೊಟ್ಟು ಹೋಗಿದ್ದ ತಾಯಿಯ ಕೈಗೆ, 66 ವರ್ಷದ ಮುದುಕಿಯಾಗಿ ತೀರಿಕೊಂಡ ಮಗಳ ಫೋಟೋ ಕೊಡುತ್ತಾರೆ. ಆ ಫೋಟೋದಲ್ಲಿರುವುದು ಸಿಗೋರ್ನಿ ವೀವರ್‌ಳ ಸ್ವಂತ ತಾಯಿ! ಮಗಳ ಮುಖದಲ್ಲಿ ಅಮ್ಮನ ಮುಖ. ಯೋಚಿಸಿದಷ್ಟೂ ಎದೆ ಹಿಂಡುವ ವಿಷಯ ಅದು.

ಅಂಥ ತಾಯಿಗೆ ಆ ಹಾಳು ಗ್ರಹದಲ್ಲಿ ನ್ಯೂಟ್ ಸಿಗುತ್ತಾಳೆ. ಒಂದು ಇಡೀ ಊರನ್ನೇ ಪ್ರಾಣಿಗಳು ಮುಗಿಸಿರುವಾಗ, ಗಾಳಿಯ ಕೊಳವೆಗಳಲ್ಲಿ ಇಲಿಯಂತೆ ಅವಿತು ವಾರಗಟ್ಟಲೆ ಬದುಕಿದ ಹುಡುಗಿ. ಬಂದೂಕು ಹಿಡಿದು ಬಂದ ಸೈನಿಕರ ಬಗ್ಗೆ ಅವಳಿಗೆ ಯಾವ ಭರವಸೆಯೂ ಇಲ್ಲ. ಇವರಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತು. ಕೊನೆಗೆ ಪ್ರಾಣಿಗಳು ಅವಳನ್ನು ಎಳೆದೊಯ್ದಾಗ ರಿಪ್ಲಿ ಒಬ್ಬಳೇ ಗೂಡಿನೊಳಗೆ ಇಳಿಯುತ್ತಾಳೆ. ಕೆಳಗೆ ಮೊಟ್ಟೆಯಿಡುವ ರಾಣಿ. ಇಬ್ಬರು ತಾಯಂದಿರು ಎದುರುಬದುರು. ಸಾಮಾನು ಎತ್ತುವ ದೊಡ್ಡ ಯಂತ್ರದೊಳಗೆ ನಿಂತು ರಿಪ್ಲಿ ಆ ರಾಣಿಯನ್ನು ಎದುರಿಸುವಾಗ ನಾನು ಸೋಫಾದ ಅಂಚಿಗೆ ಬಂದಿದ್ದೆ. ಆಮೇಲೆ ಆ ಹುಡುಗಿ ಓಡಿಬಂದು ಅವಳನ್ನು ತಬ್ಬಿಕೊಂಡು ಮೊದಲ ಬಾರಿಗೆ 'ಅಮ್ಮಾ' ಎನ್ನುತ್ತಾಳೆ. ಮಲಗುವ ಮುಂಚೆ, ಇನ್ನು ಕನಸು ಕಾಣಬಹುದೇ ಎಂದು ಕೇಳುತ್ತಾಳೆ. ಕಾಣಬಹುದು, ಇಬ್ಬರೂ ಕಾಣಬಹುದು ಎಂಬ ಅರ್ಥದ ಉತ್ತರ ಬರುತ್ತದೆ. ಇಬ್ಬರೂ ಗಾಜಿನ ಪೆಟ್ಟಿಗೆಗಳಲ್ಲಿ ನಿದ್ದೆ ಹೋಗುತ್ತಾರೆ. ಚಿತ್ರ ಮುಗಿಯುತ್ತದೆ. ಈ ಪಾತ್ರಕ್ಕೆ ವೀವರ್‌ಳ ಹೆಸರು ಶ್ರೇಷ್ಠ ನಟಿಯ ಆಸ್ಕರ್ ಪಟ್ಟಿಗೂ ಹೋಯಿತು. ಭಯದ ಚಿತ್ರಗಳಿಗೆ ಅಂಥ ಮರ್ಯಾದೆ ಸಿಗುವುದು ಅಪರೂಪ.

ಈಗ ಮೂರನೆಯದರ ಕಥೆ ಕೇಳಿ. ತೆರೆಯ ಮೇಲೆ ನಟರ ಹೆಸರು, ತಂತ್ರಜ್ಞರ ಹೆಸರು ಬರುತ್ತಿರುತ್ತವೆ. ಹೆಸರುಗಳ ನಡುನಡುವೆ ಹಡಗಿನೊಳಗೆ ಬೆಂಕಿ, ಮುಖಕ್ಕೆ ಅಂಟುವ ಜಂತು, ಒಡೆದ ಗಾಜು, ಒಂದು ತೊಟ್ಟು ರಕ್ತ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚೂರುಪಾರು. ಒಂದು ಜೈಲುಗ್ರಹದ ಸಮುದ್ರಕ್ಕೆ ಪುಟ್ಟ ನೌಕೆ ಬಂದು ಬೀಳುತ್ತದೆ. ರಿಪ್ಲಿ ಬದುಕಿದ್ದಾಳೆ. ನ್ಯೂಟ್ ಪೆಟ್ಟಿಗೆಯೊಳಗೇ ನೀರಿನಲ್ಲಿ ಮುಳುಗಿ ಸತ್ತಿದ್ದಾಳೆ. ಅವರ ಜೊತೆಗಿದ್ದ ಸೈನಿಕ ಹಿಕ್ಸ್ ಕೂಡ ಸತ್ತಿದ್ದಾನೆ. ಮುಗಿಯಿತು! ಹೋದ ಚಿತ್ರದಲ್ಲಿ ಎರಡು ಗಂಟೆಗೂ ಮೀರಿ ನಾವು ಜೀವ ಕೈಯಲ್ಲಿ ಹಿಡಿದು ಕಾಪಾಡಿಕೊಂಡ ಹುಡುಗಿಯನ್ನು ಹೆಸರುಗಳ ಪಟ್ಟಿ ಮುಗಿಯುವಷ್ಟರಲ್ಲಿ ಮುಗಿಸಿದ್ದಾರೆ.

ಮಹಾಭಾರತದಲ್ಲೂ ದ್ರೌಪದಿಯ ಐವರು ಮಕ್ಕಳು ನಿದ್ದೆಯಲ್ಲೇ ಸಾಯುತ್ತಾರಲ್ಲ ಎನ್ನಬಹುದು. ಹೌದು, ಸಾಯುತ್ತಾರೆ. ಆದರೆ ವ್ಯಾಸರು ಅದಕ್ಕೆ ಒಂದು ಪರ್ವವನ್ನೇ ಕೊಟ್ಟರು, ಸೌಪ್ತಿಕ ಪರ್ವ. ಕೊಂದವನಿಗೆ ಮುಖವಿದೆ, ಅಶ್ವತ್ಥಾಮ. ಕೊಲ್ಲಲು ಅವನಿಗೊಂದು ಕಾರಣವಿದೆ, ಮೋಸದಿಂದ ಸತ್ತ ಅಪ್ಪನಿದ್ದಾನೆ. ಅತ್ತ ತಾಯಿ ಅನ್ನ ನೀರು ಬಿಟ್ಟು ಕೂರುತ್ತಾಳೆ, ಅವನ ತಲೆಯ ಮಣಿ ತನ್ನಿ ಎನ್ನುತ್ತಾಳೆ. ಶಾಪ ಹೊತ್ತು ಅವನು ಸಾವಿರಾರು ವರ್ಷ ಅಲೆಯಬೇಕಾಗುತ್ತದೆ. ಮಲಗಿದ್ದ ಮಕ್ಕಳನ್ನು ಕೊಂದದ್ದಕ್ಕೆ ಇಡೀ ಕಾವ್ಯ ಲೆಕ್ಕ ಕೇಳುತ್ತದೆ. ಇಲ್ಲಿ ಕೇಳುವವರು ಯಾರು?

ನಮ್ಮ ಅಕ್ಕನ ಮಗನಿಗೆ ಈ ಮೂರನೆಯ ಚಿತ್ರವೇ ಅಚ್ಚುಮೆಚ್ಚು. "ಚಿಕ್ಕಮ್ಮ, ನಿಮಗೆ ಕೊನೆಯಲ್ಲಿ ಶುಭಂ ಅಂತ ಬೋರ್ಡು ಬೀಳಬೇಕು, ಅಷ್ಟೇ. ಸಾವು ಹೇಳಿ ಕೇಳಿ ಬರುತ್ತಾ? ಲೈಫ್ ಇರೋದೇ ಹಾಗೆ" ಎನ್ನುತ್ತಾನೆ. ಬದುಕಿನಲ್ಲಿ ಸಾವು ಹೇಳದೆ ಬರುತ್ತದೆ, ನಿಜ. ಅದನ್ನು ಹೇಳಿಸಿಕೊಳ್ಳಲು ನನಗೆ ಇಂಗ್ಲಿಷ್ ಚಿತ್ರ ಬೇಕಾಗಿಲ್ಲ. ಆದರೆ ಬದುಕಿನಲ್ಲಿ ಪೆನ್ನು ಹಿಡಿದು ಕುಳಿತವರು ಯಾರೂ ಕಣ್ಣಿಗೆ ಕಾಣುವುದಿಲ್ಲ. ಕಥೆಯಲ್ಲಿ ಕಾಣುತ್ತಾರೆ. ನ್ಯೂಟ್‌ಳನ್ನು ಪ್ರಾಣಿ ಕೊಲ್ಲಲಿಲ್ಲ, ಪೆನ್ನು ಕೊಂದಿತು. ಭಯದ ಚಿತ್ರವೆಂದ ಮೇಲೆ ಭಯವನ್ನಾದರೂ ಹುಟ್ಟಿಸಬೇಕಿತ್ತಲ್ಲ? ಈ ಮಗು ಉಳಿಯುತ್ತದೆಯೋ ಇಲ್ಲವೋ ಎಂದು ನಾವು ಒದ್ದಾಡಿದ್ದರೆ ಅದು ಭಯ. ಸತ್ತಿತು ಎಂದು ವರದಿ ಒಪ್ಪಿಸಿದರೆ ಅದು ಟೆಲಿಗ್ರಾಂ.

ಅದೂ ಸರಿಯಾದ ಟೆಲಿಗ್ರಾಂ ಅಲ್ಲ. ಹಡಗಿನೊಳಗೆ ಆ ಮೊಟ್ಟೆ ಎಲ್ಲಿಂದ ಬಂತು? ಹಿಂದಿನ ಚಿತ್ರದಲ್ಲಿ ರಾಣಿ ತನ್ನ ಮೊಟ್ಟೆಯ ಚೀಲವನ್ನು ಮೈಯಿಂದ ಕಿತ್ತು ಕೆಳಗೇ ಬಿಟ್ಟು ಬಂದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಹಡಗಿನಲ್ಲಿ ಅವಳು ಇದ್ದದ್ದೂ ಸ್ವಲ್ಪ ಹೊತ್ತು, ಅದೂ ಜಗಳದಲ್ಲೇ ಕಳೆಯಿತು. ಇಡಲು ಚೀಲವಿಲ್ಲ, ಪುರುಸೊತ್ತೂ ಇಲ್ಲ! ಲೆಕ್ಕಕ್ಕೆ ಸಿಗದ ಒಂದು ಮೊಟ್ಟೆಯ ಮೇಲೆ ಇಡೀ ಚಿತ್ರವನ್ನು ನಿಲ್ಲಿಸಿದ್ದಾರೆ. ಮನೆಗೆ ತರುವ ತರಕಾರಿಯ ಲೆಕ್ಕವನ್ನೂ ಒಪ್ಪಿಸಬೇಕಾದ ನಾವು ಇದನ್ನು ಒಪ್ಪಿಬಿಡಬೇಕೆ?

ಯಾಕೆ ಹೀಗಾಯಿತು ಎಂಬುದು ಈಗ ಗುಟ್ಟೇನಲ್ಲ. ಎರಡನೆಯ ಚಿತ್ರ ಹಣ ತಂದಿತ್ತು. ಮೂರನೆಯದು ಬೇಕೇ ಬೇಕು ಎಂದು ಸ್ಟುಡಿಯೋ ಹೊರಟಿತು. ಏನು ಕಥೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಬರಹಗಾರರು ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ನಿರ್ದೇಶಕರೂ ಬದಲಾದರು. ವಿನ್ಸೆಂಟ್ ವಾರ್ಡ್ ಎಂಬಾತ ಸಂನ್ಯಾಸಿಗಳಿರುವ ಮರದ ಗ್ರಹವೊಂದನ್ನು ಕಲ್ಪಿಸಿದ್ದ, ಆತನೂ ಹೊರಬಿದ್ದ. ಕೊನೆಗೆ ಡೇವಿಡ್ ಫಿಂಚರ್‌ಗೆ ಒಪ್ಪಿಸಿದರು. ಆತನಿಗೆ ಆಗ ಮೂವತ್ತೂ ತುಂಬಿರಲಿಲ್ಲ, ಅದು ಆತನ ಮೊದಲ ಚಿತ್ರ. ಚಿತ್ರಕಥೆ ಪೂರ್ತಿಯಾಗದೆಯೇ ಚಿತ್ರೀಕರಣ ಶುರು. ದಿನ ಗೊತ್ತುಮಾಡಿ, ಛತ್ರ ಹಿಡಿದು, ಲಗ್ನಪತ್ರಿಕೆ ಹಂಚಿದ ಮೇಲೆ ಹುಡುಗ ಹುಡುಕಿದ ಹಾಗೆ! ಫಿಂಚರ್ ಮುಂದೆ ಒಳ್ಳೊಳ್ಳೆಯ ಚಿತ್ರ ಮಾಡಿದ, ಆದರೆ ಇದನ್ನು ತನ್ನದೆಂದು ಹೇಳಿಕೊಳ್ಳಲು ಆತನೇ ಇಷ್ಟಪಡುವುದಿಲ್ಲ. 2003ರಲ್ಲಿ ಕತ್ತರಿಸಿ ಬಿಟ್ಟ ಭಾಗಗಳನ್ನೆಲ್ಲ ಸೇರಿಸಿ ದೀರ್ಘ ಆವೃತ್ತಿಯೊಂದನ್ನು ತಂದಾಗಲೂ ಆತ ಅದರ ಕೆಲಸಕ್ಕೆ ಬರಲಿಲ್ಲ. ಆ ಆವೃತ್ತಿ ಮೊದಲಿನದಕ್ಕಿಂತ ಎಷ್ಟೋ ವಾಸಿ. ಆದರೆ ಅದರಲ್ಲೂ ನ್ಯೂಟ್ ಸತ್ತೇ ಇರುತ್ತಾಳೆ.

ನ್ಯೂಟ್ ಆಗಿದ್ದ ಕ್ಯಾರಿ ಹೆನ್ ಅಷ್ಟರಲ್ಲಿ ಬೆಳೆದು ದೊಡ್ಡವಳಾಗಿದ್ದಳು, ಇನ್ನೇನು ಮಾಡುವುದು ಎಂಬ ಸಮಜಾಯಿಷಿ ಒಂದಿದೆ. ಯಾಕೆ, ದಾರಿ ಇರಲಿಲ್ಲವೇ? ಅದಕ್ಕೂ ಮೊದಲು ವಿಲಿಯಂ ಗಿಬ್ಸನ್ ಬರೆದುಕೊಟ್ಟಿದ್ದ ಚಿತ್ರಕಥೆಯಲ್ಲಿ ಹುಡುಗಿಯನ್ನು ಭೂಮಿಯಲ್ಲಿದ್ದ ಅಜ್ಜ ಅಜ್ಜಿಯ ಮನೆಗೆ ಕಳಿಸಿಕೊಡುತ್ತಾರೆ. ಎಷ್ಟು ಸರಳ ನೋಡಿ. ನಾವೆಲ್ಲ ಬೇಸಗೆ ರಜೆಗೆ ಮಾಡಿದ್ದು ಅದನ್ನೇ ತಾನೇ? ಆ ಚಿತ್ರಕಥೆಯನ್ನು ಬದಿಗಿಟ್ಟರು. ಮಗುವನ್ನು ಅಜ್ಜಿಮನೆಗೆ ಕಳಿಸುವುದಕ್ಕಿಂತ ಕೊಲ್ಲುವುದು 'ಗಂಭೀರ' ಎನಿಸಿರಬೇಕು. ಈ ನಿರ್ಧಾರವನ್ನು ಕ್ಯಾಮರೂನ್ ಮುಂದೆ ಬಹಿರಂಗವಾಗಿಯೇ ಖಂಡಿಸಿದ.

ನ್ಯಾಯವಾಗಿ ಹೇಳಬೇಕೆಂದರೆ ವೀವರ್ ಈ ಚಿತ್ರದಲ್ಲೂ ತನ್ನ ಕೆಲಸವನ್ನು ತಾನು ಮಾಡಿದ್ದಾಳೆ. ಮಗುವಿನ ಮೈಯೊಳಗೆ ಪ್ರಾಣಿಯ ಮರಿ ಇದೆಯೋ ಎಂಬ ಅನುಮಾನದಿಂದ, ಕಾಲರಾ ಇರಬಹುದೆಂದು ಸುಳ್ಳು ಹೇಳಿ ಹೆಣ ಕೊಯ್ಯಿಸುತ್ತಾಳಲ್ಲ, ಆಗ ಅವಳ ಮುಖ ನೋಡಬೇಕು. ಆ ಒಂದು ಮುಖಕ್ಕಾಗಿ ನಾನು ಕ್ಯಾಸೆಟ್ ಹಿಂದೆ ತಿರುಗಿಸಿ ನೋಡಿದ್ದೇನೆ. ಮರಿ ಇರುವುದು ಮಗುವಿನಲ್ಲಿ ಅಲ್ಲ, ಅವಳಲ್ಲೇ. ಅಲ್ಲಿಂದ ಮುಂದೆ ಇಡೀ ಚಿತ್ರ ಅವಳಿಂದ ಒಂದೊಂದನ್ನೇ ಕಿತ್ತುಕೊಳ್ಳುತ್ತದೆ. ಹೇನಿನ ಕಾರಣ ಹೇಳಿ ತಲೆ ಬೋಳಿಸುತ್ತಾರೆ. ಗಂಡಸರೇ ತುಂಬಿದ ಜೈಲಿನಲ್ಲಿ ಅವಳ ಮೇಲೆ ಬಲಾತ್ಕಾರಕ್ಕೆ ಬರುತ್ತಾರೆ. ಕೊನೆಗೆ ಕಂಪನಿಯವನೊಬ್ಬ ಬಂದು, ಆಪರೇಷನ್ ಮಾಡಿ ಮರಿ ತೆಗೆಯುತ್ತೇವೆ, ನಿನಗೆ ಇನ್ನೂ ಮಕ್ಕಳಾಗಬಹುದು ಎಂದು ಆಸೆ ತೋರಿಸುತ್ತಾನೆ. ಅವಳು ಕುಲುಮೆಗೆ ಬೀಳುತ್ತಾಳೆ. ಥಿಯೇಟರಿಗೆ ಬಂದ ಆವೃತ್ತಿಯಲ್ಲಂತೂ ಎದೆ ಸೀಳಿ ಬಂದ ಆ ಮರಿಯನ್ನು ಕೂಸಿನಂತೆ ಅಪ್ಪಿಕೊಂಡು ಬೀಳುತ್ತಾಳೆ.

ಇದನ್ನು ಮಹಾ ತ್ಯಾಗ ಎಂದು ಹೊಗಳಿದವರಿದ್ದಾರೆ. 'ಕೆರೆಗೆ ಹಾರ'ದ ಭಾಗೀರಥಿಯ ಕಥೆ ಕೇಳಿ ಬೆಳೆದ ನಮಗೆ ಈ ಹೊಗಳಿಕೆ ಹೊಸದಲ್ಲ. ಕೆರೆಗೆ ನೀರು ಬೇಕಾದಾಗ ಮನೆಯ ಕಿರಿಯ ಸೊಸೆಯೇ ನೆನಪಾಗುವುದು. ಆದರೆ ಆ ಹಾಡಿಗೆ ಒಂದು ಪ್ರಾಮಾಣಿಕತೆ ಇದೆ: ಮಾವ ಲೆಕ್ಕ ಹಾಕಿದ್ದನ್ನು, ಮನೆಯವರು ಬಾಯಿ ಮುಚ್ಚಿ ಕೂತದ್ದನ್ನು ಅದು ಮುಚ್ಚಿಡುವುದಿಲ್ಲ. ಕೇಳಿದವರಿಗೆ ಹೊಟ್ಟೆ ಉರಿಯುವಂತೆಯೇ ಅದನ್ನು ಕಟ್ಟಿದ್ದಾರೆ. 'ಏಲಿಯನ್ 3'ರಲ್ಲಿ ಲೆಕ್ಕ ಹಾಕಿದವರು ತೆರೆಯ ಹಿಂದೆಯೇ ಉಳಿದರು. ಮಗಳನ್ನು ಕಿತ್ತುಕೊಂಡು, ಕೂದಲು ಕಿತ್ತುಕೊಂಡು, ಬದುಕುವ ಆಸೆಯನ್ನೂ ಕಿತ್ತುಕೊಂಡ ಮೇಲೆ ಬೆಂಕಿಗೆ ಬೀಳುವುದು ಎಂಥ ತ್ಯಾಗ? ಬಿಡಲು ಅವಳ ಕೈಯಲ್ಲಿ ಏನನ್ನು ಉಳಿಸಿದ್ದರು? ರಿಪ್ಲಿಯ ಬಳಿ ಮಗಳಿದ್ದು, ಆ ಮಗಳಿಗಾಗಿ ಅವಳು ಸತ್ತಿದ್ದರೆ ನಾನೂ ಅತ್ತು ಸುಮ್ಮನಾಗುತ್ತಿದ್ದೆ.

ಐದು ವರ್ಷ ಕಳೆಯುವಷ್ಟರಲ್ಲಿ ಸ್ಟುಡಿಯೋಗೆ ಮತ್ತೆ ಒಂದು ಏಲಿಯನ್ ಬೇಕಾಯಿತು. ರಿಪ್ಲಿ ಬೂದಿಯಾಗಿದ್ದಳಲ್ಲ? ತೊಂದರೆಯಿಲ್ಲ! 1997ರ 'ಏಲಿಯನ್ ರಿಸರೆಕ್ಷನ್'ನಲ್ಲಿ ಇನ್ನೂರು ವರ್ಷಗಳ ನಂತರ ಅವಳ ರಕ್ತದ ಮಾದರಿಯಿಂದ ತದ್ರೂಪಿ ಮಾಡಿ ಎಬ್ಬಿಸಿದರು. ಅಂದರೆ ಆ ಕುಲುಮೆಯ ತ್ಯಾಗವೂ ನೀರುಪಾಲು. ಆ ಚಿತ್ರಕ್ಕಾಗಿ ಜಾಸ್ ವೀಡನ್ ಮೊದಲು ಬರೆದ ಕಥಾಸಾರದಲ್ಲಿ ತದ್ರೂಪಿಯಾಗಿ ಎದ್ದು ಬರುವವಳು ರಿಪ್ಲಿಯಲ್ಲ, ನ್ಯೂಟ್. ಸ್ಟುಡಿಯೋದವರು ಓದಿದರು, ಚೆನ್ನಾಗಿದೆ ಎಂದರು, ನ್ಯೂಟ್‌ಳನ್ನು ತೆಗೆದು ರಿಪ್ಲಿಯನ್ನು ಹಾಕಿಕೊಂಡು ಬಾ ಎಂದು ಹಿಂದಕ್ಕೆ ಕಳಿಸಿದರು.