ಅವ್ವನ ಮಾರಿ ಹೆಂಗದ?

ಮೊನ್ನೆ ಸಂಜಿಮುಂದ ಅಡಿಗಿಮನ್ಯಾಗ ರೊಟ್ಟಿ ಬಡೀಲಿಕ್ಕೆ ಹತ್ತಿದ್ದೆ. ಪಡಸಾಲ್ಯಾಗ ಮಗಳು ತಮ್ಮನ್ನ ಮೆಲ್ಲಕ ಕೇಳಿದ್ಲು: "ಅವ್ವನ ಮಾರಿ ಹೆಂಗದ? ಸಾಲಿ ಟ್ರಿಪ್ಪಿನ ಚೀಟಿಗೆ ಈಗ ಸಹಿ ಕೇಳ್ಲೋ, ನಾಳೆ ಕೇಳ್ಲೋ?" ನನ್ನ ಕೈ ಹಂಗ ನಿಂತ್ತು.

ನಾ ಇರೋದ ಹಂಗ ನೋಡ್ರಿ. ಮುಂಜಾನೆ ಓಣಿ ಮಂದಿನ್ನೆಲ್ಲಾ ಕರದು ಚಹಾ ಕುಡಸ್ತೀನಿ. ಮಧ್ಯಾಹ್ನ ಯಾರರೆ "ಸಾರಿಗೆ ಉಪ್ಪು ಕಡಿಮಿ ಆಗೇದ" ಅಂದ್ರ ಸಾಕು, ಸಂಜಿತನಕ ಯಾರ ಜೋಡಿನೂ ಮಾತಿಲ್ಲ. ನಮ್ಮನಿಯವರು ಹಂಗಲ್ಲ, ಮನಿ ಮ್ಯಾಲೆ ಸಿಡಿಲು ಬಿದ್ರೂ ಅದ ದನಿ. ಮಂದಿ ಅವರಿಗೆ ಗಟ್ಟಿ ಮನಷಾ ಅಂತಾರ. ನನಗ, ಗಳಿಗಿಗೊಂದು ಬಣ್ಣ ಅಂತಾರ.

ಆದ್ರ ಬಣ್ಣ ಬದಲಾದ ಮಾತ್ರಕ್ಕ ಮನಷಾ ಸುಳ್ಳಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಫ್ಲೀಸನ್ ಮಂದಿಯ ನಡತಿಯನ್ನ ದಿನಕ್ಕ ಹಲವು ಸಲದಂಗ 2-3 ವಾರ ಅವರಿಂದನ ಬರಸಿ ನೋಡಿ, 2001ರಲ್ಲಿ ಪ್ರಕಟಿಸಿದರು. ಒಬ್ಬರ ಮನಷಾ ಒಂದೊಂದು ಹೊತ್ತಿಗೆ ಒಂದೊಂದು ಥರಾ ಇರ್ತಾನ. ಆದ್ರ ಅಷ್ಟೂ ದಿವಸದ ಸರಾಸರಿ ತಗದ್ರ ಅದು ಅಷ್ಟು ಸುಲಭ ಬದಲಾಗೂದಿಲ್ಲ. ಮನಸಿಗೆ ಲಗೂನ ತಾಕೋ ಸ್ವಭಾವದವರು ಮಂದಿ ಜೋಡಿ ನಡಕೊಳ್ಳೋದರೊಳಗ ಏರಿಳಿತ ಜಾಸ್ತಿ ಅಂತ ಮುಂದಿನ ಅಧ್ಯಯನಗಳೂ ತೋರಿಸ್ಯಾವ.

ಹಿಂಗಾಗಿ ಒಂದು ಸಂಜಿ ನೋಡಿ ಯಾರನ್ನೂ ತೂಗಬ್ಯಾಡ್ರಿ ಅಂತೀನಿ. ಆದ್ರ ಇಷ್ಟಕ್ಕ ನಿಂತ್ರ ನನಗ ಬೇಕಾದಷ್ಟ ಹೇಳಿದಂಗಾತು. ನನ್ನ ಸರಾಸರಿ ಛಲೋ ಇದ್ರ ಮಗಳಿಗೇನು ಬಂತು? ಆಕಿ ಬದುಕೋದು ಸರಾಸರಿಯೊಳಗಲ್ಲ, ಆ ಸಂಜಿಯೊಳಗ. ಮೋಡ ನೋಡಿ ಸಂಡಿಗಿ ಇಡೋರಂಗ ಆಕಿ ನನ್ನ ಮಾರಿ ನೋಡಿ ಮಾತಾಡೋದು ಕಲತಾಳ.

ಈ ಸ್ವಭಾವ ನಾ ಆರಿಸಿಕೊಂಡದ್ದಲ್ಲ, ಖರೆ. ಆದ್ರ ಕಾರಣ ಹೇಳದ ಮುಖ ಬಿಗದು ಕೂಡೋದು ನನ್ನ ತಪ್ಪ. ಸಣ್ಣ ಮಕ್ಕಳು ಅದನ್ನ ತಮ್ಮ ಮ್ಯಾಲಿನ ಸಿಟ್ಟಂತ ತಿಳಕೋತಾವ. ಅದಕ್ಕ ಈಗ ಬಾಯಿಬಿಟ್ಟು ಹೇಳ್ತೀನಿ: "ಇವತ್ತ ನನ್ನ ಮನಸು ಸರಿ ಇಲ್ಲವಾ. ನಿನ್ನ ಮ್ಯಾಲೆ ಸಿಟ್ಟಲ್ಲ. ಅರ್ಧ ತಾಸು ಬಿಡು, ನಾನ ಕರೀತೀನಿ." ಹೇಳಿದ ಮ್ಯಾಲೆ ಖರೇನ ಕರೀಬೇಕು, ಅದು ಮುಖ್ಯ.

ಅವತ್ತ ಹಿಟ್ಟಿನ ಕೈಲೇ ಸಹಿ ಮಾಡಿಕೊಟ್ಟೆ. ಚೀಟಿ ಮ್ಯಾಲೆ ಬೆರಳಿನ ಗುರ್ತು ಬಿತ್ತು. ಮಗಳು ಮಾತ್ರ ಚೀಟಿ ನೋಡ್ಲಿಲ್ಲ, ನನ್ನ ಮಾರೀನ ನೋಡಿದ್ಲು. ಆ ಚಟ ಆಕಿಗೆ ಬಿಡಸಲಿಕ್ಕೆ ಇನ್ನೂ ಭಾಳ ದಿವಸ ಬೇಕು.