ಒಳವಿಳಾಸ ಮತ್ತು ಹೊರವಿಳಾಸ

ಕಳೆದ ಕಾರ್ತಿಕ ಮಾಸದ ಒಂದು ಮಧ್ಯಾಹ್ನ ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ದಿನದರ್ಶಿಕೆಯ ಹಾಳೆಯೊಂದನ್ನು ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದರು. ಎಪ್ಪತ್ತು ದಾಟಿದ ಆ ತಾಯಿಯನ್ನು ಊರೆಲ್ಲ ಅಕ್ಕೋರು ಎಂದೇ ಕರೆಯುತ್ತದೆ. ಮೂರು ತಲೆಮಾರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಅಂದು ನಡುಗುತ್ತಿತ್ತು.

"ಗುರುಗಳ, ನನ್ನ ಮನೀ ನಂಬರು ಪೊಲೀಸರ ಕಡೆ ಐತಂತ್ರಿ. ಐ.ಪಿ. ಅಂತಾರಲ್ಲ, ಅದು. ಓದಿ ಹೇಳ್ಯಾರ, ನಾ ಬರಕೊಂಡೀನಿ" ಎಂದು ಹಾಳೆಯನ್ನು ನಮ್ಮ ಮುಂದಿಟ್ಟರು. ಅದರ ಹಿಂಬದಿಯಲ್ಲಿ ಮುದ್ದಾದ ಅಕ್ಷರದಲ್ಲಿ 192.168.1.5 ಎಂದು ಬರೆದಿತ್ತು.

ನಡೆದದ್ದಿಷ್ಟು. ಸಮವಸ್ತ್ರಧಾರಿಯೊಬ್ಬನು ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಂಡು, ಈ ವಿಳಾಸದಿಂದ ಕಾನೂನುಬಾಹಿರ ಸಂದೇಶಗಳು ಹೋಗಿವೆಯೆಂದೂ, ಅಕ್ಕೋರನ್ನು ಅವರ ಮನೆಯಲ್ಲಿಯೇ ಬಂಧನದಲ್ಲಿ ಇರಿಸಲಾಗಿದೆಯೆಂದೂ, ಪರದೆಯ ಮುಂದಿನಿಂದ ಕದಲಕೂಡದೆಂದೂ ಗದರಿಸಿದ್ದನು. ಠೇವಣಿಯ ಹಣವನ್ನು 'ಪರಿಶೀಲನೆಗಾಗಿ' ಒಂದು ಖಾತೆಗೆ ಕಳುಹಿಸಬೇಕೆಂಬ ಮಾತು ಬರುವ ಹೊತ್ತಿಗೆ ಊರಿನ ವಿದ್ಯುತ್ತು ಹೋಯಿತು, ಮನೆಯ ವೈಫೈ ಪೆಟ್ಟಿಗೆ ಆರಿತು, ಕರೆ ಕಡಿಯಿತು. ವಿದ್ಯುತ್ ಹೋದದ್ದಕ್ಕೆ ನಾವು ಸಂತೋಷಪಟ್ಟ ಸಂದರ್ಭ ನಮ್ಮ ಬಾಳಿನಲ್ಲಿ ಬಹುಶಃ ಇದೊಂದೇ.

ನಾವು ಗಣಕಯಂತ್ರದ ಪಂಡಿತರಲ್ಲ. ಆದರೆ ಆ ಸಂಖ್ಯೆಯನ್ನು ನೋಡಿದೊಡನೆ ನಮಗೆ ನಗು ಬಂದಿತು. ಪ್ರಸಾದ ನಿಲಯದಲ್ಲಿದ್ದು ಇಂಜಿನಿಯರಿಂಗ್ ಓದುತ್ತಿರುವ ತರುಣನೊಬ್ಬನು ಹಿಂದೊಮ್ಮೆ ನಮ್ಮ ಮೊಬೈಲಿನಲ್ಲಿಯೂ ಇಂಥದೇ ಸಂಖ್ಯೆಯನ್ನು ತೋರಿಸಿದ್ದನು. ಅವನನ್ನು ಕರೆಸಿ ನೋಡಲಾಗಿ ನಮ್ಮದು 192.168.1.7, ಪಕ್ಕದ ಮನೆಯ ಕಿರಾಣಿ ವ್ಯಾಪಾರಿಯದು 192.168.1.5. ಅಕ್ಕೋರ ಹಾಳೆಯಲ್ಲಿದ್ದ 'ಅಪರಾಧಿ'ಯ ವಿಳಾಸವೇ ಅದು! ಈ ಸೋಜಿಗ ಹೇಗೆಂಬುದನ್ನು ತಿಳಿದುಕೊಂಡರೆ ನಮ್ಮ ಮನೆಗಳ ಹಿರಿಯರು ಇಂತಹ ಬೆದರಿಕೆಗೆ ಬೆಚ್ಚಬೇಕಾಗಿಲ್ಲವೆಂಬ ಕಾರಣದಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಅಂತರ್ಜಾಲದಲ್ಲಿ ಸಾಗುವ ಪತ್ರವಾಗಲಿ, ಚಿತ್ರವಾಗಲಿ, ಧ್ವನಿಯಾಗಲಿ ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಹೋಗುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ಎಲ್ಲಿಂದ ಬಂದಿತು, ಎಲ್ಲಿಗೆ ಹೋಗಬೇಕು ಎಂಬ ಎರಡು ಸಂಖ್ಯೆಗಳಿರುತ್ತವೆ. ಇವೇ ಐ.ಪಿ. ವಿಳಾಸಗಳು. ದಾರಿಯಲ್ಲಿರುವ ರೌಟರ್ ಎಂಬ ಯಂತ್ರಗಳು ಸಂಖ್ಯೆಯ ಮುಂಭಾಗವನ್ನಷ್ಟೇ ಓದಿ ಪೊಟ್ಟಣವನ್ನು ಮುಂದಿನ ದಾರಿಗೆ ಹಚ್ಚುತ್ತವೆ. ನಮ್ಮ ಅಂಚೆಯ ಪಿನ್ ಕೋಡಿನ ಕ್ರಮವೂ ಇದೇ ಅಲ್ಲವೆ? 580001 ಎಂದೊಡನೆ ದೂರದ ಅಂಚೆ ವಿಂಗಡಣೆಯವನು ಮೊದಲ ಅಂಕಿಗಳನ್ನು ನೋಡಿ ಧಾರವಾಡದ ಚೀಲಕ್ಕೆ ಹಾಕುತ್ತಾನೆ. ಬೀದಿ, ಮನೆ ಯಾವುದೆಂಬ ಚಿಂತೆ ಅವನಿಗಿಲ್ಲ. ಮಾತು ಬಂದಿತೆಂದು ಹೇಳುತ್ತೇವೆ, 1972ರ ಆಗಸ್ಟ್ 15ರಂದು ಈ ಪಿನ್ ಕ್ರಮವನ್ನು ಜಾರಿಗೆ ತಂದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳಾಗಿದ್ದರು.

ಒಂದು ಭೇದವನ್ನು ಮಾತ್ರ ಮರೆಯಬಾರದು. ಅಂಚೆಯ ವಿಳಾಸ ನೆಲಕ್ಕೆ ಅಂಟಿದ್ದು. ಐ.ಪಿ. ವಿಳಾಸವಾದರೋ ಸಂಪರ್ಕಕ್ಕೆ ಅಂಟಿದ್ದು. ಮನೆಯ ವೈಫೈಯಲ್ಲಿದ್ದಾಗ ಒಂದು ವಿಳಾಸ, ಹೊಸ್ತಿಲು ದಾಟಿ ಮೊಬೈಲ್ ಜಾಲಕ್ಕೆ ಹೊಕ್ಕಾಗ ಇನ್ನೊಂದು. ಅದು ವ್ಯಕ್ತಿಯ ಹೆಸರೂ ಅಲ್ಲ, ಗುರುತಿನ ಚೀಟಿಯೂ ಅಲ್ಲ.

ಹಳೆಯ ಪದ್ಧತಿಯ ವಿಳಾಸದಲ್ಲಿ 32 ಸ್ಥಾನಗಳಿವೆ, ಒಂದೊಂದು ಸ್ಥಾನದಲ್ಲಿ ಸೊನ್ನೆ ಇಲ್ಲವೆ ಒಂದು. ಛಂದಸ್ಸನ್ನು ಓದಿದವರಿಗೆ ಇದು ಹೊಸತಲ್ಲ. ಸೊನ್ನೆಯನ್ನು ಲಘುವೆಂದೂ ಒಂದನ್ನು ಗುರುವೆಂದೂ ಭಾವಿಸಿರಿ. ಎಂಟು ಅಕ್ಷರಗಳ ಪಾದದಲ್ಲಿ ಲಘು-ಗುರುಗಳನ್ನು ಎಷ್ಟು ಬಗೆಯಾಗಿ ಇರಿಸಬಹುದೆಂದು ಪಿಂಗಲನ ಪ್ರಸ್ತಾರಕ್ರಮದಿಂದ ಎಣಿಸಿದರೆ 256 ಬರುತ್ತದೆ. ಐ.ಪಿ. ವಿಳಾಸದಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಭಾಗಗಳಲ್ಲಿ ಪ್ರತಿಯೊಂದೂ ಸೊನ್ನೆಯಿಂದ 255ರವರೆಗೆ ಮಾತ್ರ ಇರುವುದು ಈ ಕಾರಣದಿಂದಲೇ. ಎಂಟಕ್ಷರದ ನಾಲ್ಕು ಪಾದಗಳೆಂದರೆ ಒಂದು ಅನುಷ್ಟುಪ್ ಶ್ಲೋಕ. ಶ್ಲೋಕದ ಗುರು-ಲಘು ನಿಯಮಗಳನ್ನು ಬದಿಗಿಟ್ಟರೆ 32 ಅಕ್ಷರಗಳಿಗೆ ದೊರೆಯುವ ಒಟ್ಟು ಪ್ರಸ್ತಾರಗಳು 4,29,49,67,296. ಹಳೆಯ ಅಂತರ್ಜಾಲದ ಒಟ್ಟು ವಿಳಾಸಗಳೂ ಅಷ್ಟೇ.

ಸುಮಾರು 429 ಕೋಟಿ! 1977ರ ಸುಮಾರಿಗೆ ಈ 32ನ್ನು ನಿಶ್ಚಯಿಸಿದ ಅಮೆರಿಕೆಯ ವಿಂಟ್ ಸರ್ಫ್ ಅವರಿಗೆ ಒಂದು ಪ್ರಯೋಗಕ್ಕೆ ಇಷ್ಟು ಧಾರಾಳವಾಗಿ ಸಾಕೆನಿಸಿತ್ತು. ಪ್ರಯೋಗ ಮುಗಿಯಲೇ ಇಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1981ರಲ್ಲಿ ನಿಯಮಗಳು ಲಿಖಿತರೂಪ ತಾಳಿದವು. 1983ರ ಜನವರಿ 1ರಂದು ಅಂದಿನ ಜಾಲವೆಲ್ಲ ಅವುಗಳಿಗೆ ಹೊರಳಿತು. ಆಗ ಕೇಳಿದವರಿಗೆ ಕೇಳಿದಷ್ಟು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯೊಂದಕ್ಕೇ 1,67,77,216 ವಿಳಾಸಗಳು ಸಂದಿದ್ದವು. ಅಷ್ಟೇ ದೊಡ್ಡ ಪಾಲನ್ನು ಪಡೆದಿದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 2000ದಲ್ಲಿ ಅದನ್ನು ಹಿಂದಿರುಗಿಸಿತೆಂಬುದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ. ಪಡೆದುದನ್ನು ಹಿಂದಿರುಗಿಸುವ ಸಂಸ್ಥೆಗಳು ಎಷ್ಟಿವೆ? 2011ರ ಫೆಬ್ರುವರಿ 3ರಂದು ಕೇಂದ್ರ ಭಂಡಾರದ ಕೊನೆಯ ಐದು ಪಾಲುಗಳನ್ನು ಐದು ಭೂಭಾಗಗಳ ನೋಂದಣಿ ಸಂಸ್ಥೆಗಳಿಗೆ ಹಂಚಿಬಿಟ್ಟರು, ಭಂಡಾರ ಬರಿದಾಯಿತು. ಜಾಲಕ್ಕೆ ತಡವಾಗಿ ಬಂದ ಭಾರತದಂತಹ ದೇಶಗಳ ಪಾಲಿಗೆ ಉಳಿದದ್ದು ಅಲ್ಪ.

ಭಂಡಾರ ಬರಿದಾಗುವ ಮೊದಲೇ ಇದರ ಅರಿವು ಉಂಟಾಗಿ ಒಂದು ಉಪಾಯ ಹೂಡಿದ್ದರು. ಅಕ್ಕೋರ ಹಾಳೆಯ ರಹಸ್ಯವಿರುವುದು ಇಲ್ಲಿಯೇ.

ನಾವು ವಿದ್ಯಾರ್ಥಿಗಳಾಗಿದ್ದಾಗ ಪ್ರಸಾದ ನಿಲಯದ ನೂರಾರು ಹುಡುಗರಿಗೆ ಅಂಚೆಯವರ ದೃಷ್ಟಿಯಲ್ಲಿ ಇದ್ದದ್ದು ಒಂದೇ ವಿಳಾಸ. ಒಳಗಿನ ಕೋಣೆಗಳಿಗೆ ಒಂದು, ಎರಡು, ಮೂರು ಎಂಬ ಸಂಖ್ಯೆಗಳಿದ್ದವು. ಆದರೆ ಐದನೆಯ ಕೋಣೆ ನಮ್ಮ ನಿಲಯದಲ್ಲಿಯೂ ಇತ್ತು, ಪಕ್ಕದ ಊರಿನ ನಿಲಯದಲ್ಲಿಯೂ ಇತ್ತು. ಬರಿಯ 'ಐದನೆಯ ಕೋಣೆ' ಎಂದು ಬರೆದ ಪತ್ರ ಯಾರಿಗೂ ತಲುಪುತ್ತಿರಲಿಲ್ಲ. 1996ರಲ್ಲಿ ನಿಶ್ಚಿತವಾದ ಕ್ರಮದಂತೆ 10ರಿಂದ ಆರಂಭವಾಗುವ ವಿಳಾಸಗಳು, 172.16ರಿಂದ 172.31ರವರೆಗಿನವು ಮತ್ತು 192.168ರಿಂದ ಆರಂಭವಾಗುವವು ಈ ಬಗೆಯ ಕೋಣೆ ಸಂಖ್ಯೆಗಳು. ಯಾವ ಮನೆಯವರಾದರೂ, ಯಾವ ಕಚೇರಿಯವರಾದರೂ ಯಾರನ್ನೂ ಕೇಳದೆ ಒಳಗೆ ಬಳಸಿಕೊಳ್ಳಬಹುದು. ಹೊರಗಿನ ಹೆದ್ದಾರಿಯಲ್ಲಿ ಇವಕ್ಕೆ ಬೆಲೆಯಿಲ್ಲ. ಜಗತ್ತಿನ ಅಸಂಖ್ಯ ಮನೆಗಳಲ್ಲಿ ಈ ಗಳಿಗೆಯಲ್ಲಿ 192.168.1.5 ಎಂಬ ಯಂತ್ರವಿದೆ. ಅಕ್ಕೋರನ್ನು ಬೆದರಿಸಿದವನು ಅವರ ಯಾವ ದಾಖಲೆಯನ್ನೂ ನೋಡಿರಲಿಲ್ಲ. ಊರಿನ ನಡುವೆ ನಿಂತು "ನಿಮ್ಮ ಮನೆಗೆ ಬಾಗಿಲಿದೆ, ನನಗೆ ಗೊತ್ತು" ಎಂದು ಕೂಗಿದವನ ಜಾಣ್ಮೆಯಷ್ಟೇ ಅವನದು.

ಒಳವಿಳಾಸದ ಯಂತ್ರವು ಹೊರಗಿನವರೊಡನೆ ಮಾತಾಡುವುದು ಹೇಗೆ? ಮನೆಯ ವೈಫೈ ಪೆಟ್ಟಿಗೆ ನಿಲಯಪಾಲಕನಂತೆ ವರ್ತಿಸುತ್ತದೆ. ಹೊರಹೋಗುವ ಪೊಟ್ಟಣದ ಮೇಲಿನ ಕೋಣೆ ಸಂಖ್ಯೆಯನ್ನು ಅಳಿಸಿ, ಇಡೀ ಮನೆಗೆ ಸಲ್ಲುವ ಹೊರವಿಳಾಸವನ್ನೂ ಒಂದು ಬಿಲ್ಲೆ ಸಂಖ್ಯೆಯನ್ನೂ ಬರೆದು, ಆ ಬಿಲ್ಲೆ ಯಾವ ಕೋಣೆಯದೆಂದು ತನ್ನ ಖಾತೆ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದಾಗ ಬಿಲ್ಲೆಯನ್ನು ನೋಡಿ ಒಳಗೆ ತಲುಪಿಸುತ್ತದೆ. ಬಿಲ್ಲೆಯಿಲ್ಲದೆ ತಾನಾಗಿ ಬಂದ ಪೊಟ್ಟಣ ಯಾರದೆಂದು ತಿಳಿಯದೆ ಅದನ್ನು ಕೈಬಿಡುತ್ತದೆ. ವಿಳಾಸಗಳ ಬರ ಹೆಚ್ಚಿದಂತೆ ಸೇವೆ ಒದಗಿಸುವ ಸಂಸ್ಥೆಗಳು ಈ ಉಪಾಯವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದವು. ನಿಲಯಗಳನ್ನೆಲ್ಲ ಕೂಡಿಸಿ ಮಹಾನಿಲಯವೊಂದರೊಳಗೆ ಇಟ್ಟಂತೆ, ನೂರಾರು ಗ್ರಾಹಕರು ಒಂದೇ ಹೊರವಿಳಾಸದ ಹಿಂದೆ ನಿಂತರು.

ಇದರಿಂದ ಹುಟ್ಟಿದ ತೊಡಕು ಸಣ್ಣದಲ್ಲ. ಒಂದು ಹೊರವಿಳಾಸದಿಂದ ಅಪರಾಧ ನಡೆದಿದೆಯೆಂದು ನಿಜವಾದ ಪೊಲೀಸರಿಗೆ ತಿಳಿದರೂ ಅವರ ಕೈಗೆ ವ್ಯಕ್ತಿ ಸಿಕ್ಕಂತಾಗಲಿಲ್ಲ. ವಿಳಾಸ ಯಾವ ಸೇವಾಸಂಸ್ಥೆಯದೆಂದು ಅರಿತು, ಆ ಸಂಸ್ಥೆಯಿಂದ ಕ್ರಮಬದ್ಧವಾಗಿ ದಾಖಲೆ ತರಿಸಿಕೊಳ್ಳಬೇಕು. ಆಗಲೂ ನಿಖರವಾದ ಹೊತ್ತು ಮತ್ತು ಬಿಲ್ಲೆ ಸಂಖ್ಯೆ ಇಲ್ಲದಿದ್ದರೆ ಆ ವಿಳಾಸದ ಹಿಂದಿದ್ದ ನೂರಾರು ಮನೆಗಳಲ್ಲಿ ಯಾವುದೆಂದು ಹೇಳಲಾಗದು. ಮನೆ ತಿಳಿದ ಮೇಲೂ ಆ ಮನೆಯ ವೈಫೈಯನ್ನು ಬಳಸಿದವರು ಮಗನೋ, ಬಾಡಿಗೆಯವನೋ, ಬಂದುಹೋದ ಅತಿಥಿಯೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಹೊರವಿಳಾಸವು ರಹಸ್ಯವೂ ಅಲ್ಲ. ನಾವು ಭೇಟಿ ಕೊಟ್ಟ ತಾಣಗಳಿಗೆಲ್ಲ ಅದು ಕಾಣಲೇಬೇಕು, ಇಲ್ಲವಾದರೆ ಉತ್ತರ ಬರುವುದೆಲ್ಲಿಗೆ? ಅದನ್ನು ನೋಡಿದ ಅಪರಿಚಿತನಿಗೆ ತಿಳಿಯುವುದು ಸೇವಾಸಂಸ್ಥೆಯ ಹೆಸರು, ಹೆಚ್ಚೆಂದರೆ ಒಂದು ಊರು. ಎಷ್ಟೋ ವೇಳೆ ಆ ಊರೂ ತಪ್ಪಾಗಿರುತ್ತದೆ.

ಈ ಹಂಚಿಕೆಯ ಇಕ್ಕಟ್ಟಿಗೆ ಮೂಲ ಪರಿಹಾರವೆಂದರೆ ಸಂಖ್ಯೆಯನ್ನೇ ಹಿಗ್ಗಿಸುವುದು. ಆರನೆಯ ಆವೃತ್ತಿ ಎಂದು ಕರೆಯಲಾಗುವ ಹೊಸ ಪದ್ಧತಿಯ ನಿಯಮಗಳು 1995ರಲ್ಲಿಯೇ ಪ್ರಕಟವಾದವು. ಇದರಲ್ಲಿ 32ರ ಬದಲು 128 ಸ್ಥಾನಗಳಿವೆ, ಅಂದರೆ ನಾಲ್ಕು ಶ್ಲೋಕಗಳು. ನಾಲ್ಕು ಪಟ್ಟು ವಿಳಾಸಗಳೆಂದು ತಿಳಿಯಬೇಡಿರಿ. ಒಂದೊಂದು ಅಕ್ಷರ ಕೂಡಿದಂತೆ ಪ್ರಸ್ತಾರ ಇಮ್ಮಡಿಯಾಗುವುದರಿಂದ ಒಟ್ಟು ಸಂಖ್ಯೆ 39 ಅಂಕಿಗಳಷ್ಟು ಉದ್ದವಾಗುತ್ತದೆ. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಬೇಡಿ ಅರಸನ ಕಣಜವನ್ನು ಸೋಲಿಸಿದ ಜಾಣನ ಕಥೆಯನ್ನು ಎಲ್ಲರೂ ಕೇಳಿದ್ದೀರಿ. ಅವನಿಗೆ ಸಲ್ಲಬೇಕಾಗಿದ್ದ ಕಾಳುಗಳು 1,84,46,74,40,73,70,95,51,615. ಹೊಸ ಪದ್ಧತಿಯಲ್ಲಿ ಒಂದು ಮನೆಯ ಒಂದು ಜಾಲಕ್ಕೆ ಸಾಮಾನ್ಯವಾಗಿ ದೊರೆಯುವ ವಿಳಾಸಗಳು ಅದಕ್ಕಿಂತ ಸರಿಯಾಗಿ ಒಂದು ಹೆಚ್ಚು.

ಬರವಣಿಗೆಯೂ ಬೇರೆ. ನಾಲ್ಕು ಲಘು-ಗುರುಗಳ ಗುಂಪಿಗೆ ಹದಿನಾರು ಪ್ರಸ್ತಾರಗಳಿರುವುದರಿಂದ ಒಂದೊಂದು ಗುಂಪಿಗೂ ಒಂದೊಂದು ಚಿಹ್ನೆ. ಸೊನ್ನೆಯಿಂದ ಒಂಬತ್ತು ಅಂಕಿಗಳು ಸಾಲದೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಅಕ್ಷರಗಳನ್ನು ಸೇರಿಸಿಕೊಂಡಿದ್ದಾರೆ. ನಾಲ್ಕು ನಾಲ್ಕು ಚಿಹ್ನೆಗಳ ಎಂಟು ತಂಡಗಳು, ನಡುವೆ ಜೋಡಿಚುಕ್ಕಿ. ಸಾಲಾಗಿ ಬರುವ ಸೊನ್ನೆಗಳ ತಂಡಗಳನ್ನು ಬಿಟ್ಟು ಎರಡು ಜೋಡಿಚುಕ್ಕಿಗಳನ್ನು ಇಡಬಹುದು, ಆದರೆ ಒಂದು ವಿಳಾಸದಲ್ಲಿ ಒಮ್ಮೆ ಮಾತ್ರ. ಪುಸ್ತಕಗಳಲ್ಲಿ ಉದಾಹರಣೆಗೆಂದೇ ಕಾದಿರಿಸಿದ ವಿಳಾಸವೊಂದು ಹೀಗಿದೆ: 2001:ಡಿಬಿ8::1. ಈಗ ಹೊರಜಾಲದಲ್ಲಿ ಹಂಚಲಾಗುತ್ತಿರುವ ಹೊಸ ವಿಳಾಸಗಳು 2 ಅಥವಾ 3ರಿಂದ ಆರಂಭವಾಗುತ್ತವೆ.

ಈ ವಿಳಾಸದ ಮೊದಲರ್ಧ ಜಾಲದ ದಾರಿ, ಉತ್ತರಾರ್ಧ ಆ ಜಾಲದೊಳಗಿನ ಯಂತ್ರ. ಮನೆಯ ಪೆಟ್ಟಿಗೆ ಮೊದಲರ್ಧವನ್ನು ಸಾರುತ್ತದೆ, ಮೊಬೈಲು ಉಳಿದರ್ಧವನ್ನು ತಾನೇ ರಚಿಸಿಕೊಳ್ಳುತ್ತದೆ. ಆರಂಭದಲ್ಲಿ ಯಂತ್ರದ ಹುಟ್ಟು ಸಂಖ್ಯೆಯಿಂದಲೇ ಈ ಉತ್ತರಾರ್ಧವನ್ನು ಕಟ್ಟುವ ಯೋಜನೆಯಿತ್ತು. ಹಾಗಾದರೆ ಮನುಷ್ಯ ಯಾವ ಊರಿಗೆ ಹೋದರೂ ಅವನ ಯಂತ್ರದ ಗುರುತು ಬೆನ್ನು ಬಿಡದೆಂಬ ಆಕ್ಷೇಪ ಎದ್ದಿತು. 2001ರಲ್ಲಿ ಅದಕ್ಕೆ ತಿದ್ದುಪಡಿ ಬಂದು, ಉತ್ತರಾರ್ಧವನ್ನು ಯಾದೃಚ್ಛಿಕವಾಗಿ ಆರಿಸಿ ಆಗಾಗ ಬದಲಿಸುವ ವಿಧಾನ ರೂಪುಗೊಂಡಿತು. ಇಂದಿನ ಮೊಬೈಲುಗಳು ಸಾಮಾನ್ಯವಾಗಿ ಅದನ್ನೇ ಅನುಸರಿಸುತ್ತವೆ. ಯಂತ್ರಕ್ಕೊಂದು ಸ್ವಂತ ವಿಳಾಸ ಬಂದಿತೆಂದು ಬಾಗಿಲು ತೆರೆದಂತಾಯಿತೆಂದು ಹೆದರಬೇಕಾಗಿಲ್ಲ, ಕರೆಯದೆ ಬಂದ ಪೊಟ್ಟಣವನ್ನು ತಡೆಯುವ ಕಾವಲನ್ನು ಪೆಟ್ಟಿಗೆಯಲ್ಲಿ ಬೇರೆಯಾಗಿಯೇ ಇರಿಸಿರುತ್ತಾರೆ.

ಹಳೆಯ ಯಂತ್ರದ ಭಾಷೆ ಹೊಸದಕ್ಕೆ ತಿಳಿಯದು. ಆದಕಾರಣ ಎರಡೂ ಪದ್ಧತಿಗಳು ಅಕ್ಕಪಕ್ಕ ನಡೆಯುತ್ತಿವೆ, ಬದಲಾವಣೆ ಮೂರು ದಶಕಗಳಾದರೂ ಪೂರ್ಣವಾಗಿಲ್ಲ. ಆದರೆ ಹಳೆಯದರಲ್ಲಿ ಕಡಿಮೆ ಪಾಲು ದೊರೆತ ನಮ್ಮ ದೇಶ ಹೊಸದರಲ್ಲಿ ಮುಂದಿದೆ. 2016ರಿಂದ ಮೊಬೈಲ್ ಜಾಲ ಹಬ್ಬಿದ ವೇಗದಲ್ಲಿಯೇ ಇದೂ ಹಬ್ಬಿತು, ಇಂದು ಇದನ್ನು ಅತ್ಯಧಿಕವಾಗಿ ಬಳಸುವ ರಾಷ್ಟ್ರಗಳಲ್ಲಿ ಭಾರತವೂ ಒಂದು.

ಇನ್ನು ಅಕ್ಕೋರ ವಿಷಯ. 'ಡಿಜಿಟಲ್ ಬಂಧನ' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ, ಪ್ರಧಾನಮಂತ್ರಿಗಳೇ 2024ರ ಅಕ್ಟೋಬರಿನ ಬಾನುಲಿ ಭಾಷಣದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಯಾವ ಪೊಲೀಸರೂ ಪರದೆಯ ಮೇಲೆ ಬಂದು ಹಣ ಕಳುಹಿಸೆನ್ನುವುದಿಲ್ಲ. ಇದನ್ನು ತಿಳಿಸಿ, ಅವರ ಎದುರಿನಲ್ಲಿಯೇ 1930 ಸಂಖ್ಯೆಗೆ ಕರೆ ಮಾಡಿಸಿ ದೂರು ಬರೆಯಿಸಿದೆವು. ದೈವವಶಾತ್ ಹಣ ಹೋಗಿರಲಿಲ್ಲ. ಚಹಾ ಕುಡಿದು ಸ್ವಲ್ಪ ಚೇತರಿಸಿಕೊಂಡ ಮೇಲೆ, "ಹಂಗಾರ ನನ್ನ ಖರೇ ನಂಬರು ಯಾವುದ್ರಿ?" ಎಂದು ಕೇಳಿದರು. ವಿದ್ಯುತ್ ಬಂದಿತ್ತು. ತರುಣನು ಅವರ ಮನೆಗೇ ಹೋಗಿ, ಅವರ ಮೊಬೈಲಿನಲ್ಲಿ 2ರಿಂದ ಆರಂಭವಾಗುವ ಉದ್ದನೆಯ ವಿಳಾಸವನ್ನು ತೋರಿಸಿದನು. ಅಕ್ಕೋರು ಅದನ್ನು ಎಂಟು ತಂಡಗಳಾಗಿ ಅದೇ ಹಾಳೆಯ ಹಿಂದೆ, ಹಳೆಯ ಸಂಖ್ಯೆಯ ಕೆಳಗೆ ಬರೆದುಕೊಂಡರಂತೆ. ಮರುದಿನ ಸಂಜೆ ಮೊಮ್ಮಗನ ಕೈಯಲ್ಲಿ ನಮಗೆ ಹೇಳಿಕಳುಹಿಸಿದರು: ಮೊದಲಿನ ನಾಲ್ಕು ತಂಡ ನಿನ್ನೆಯವೇ ಇವೆ, ಕಡೆಯ ನಾಲ್ಕೂ ಬದಲಾಗಿವೆ.