ಆದಿವಾಸಿಗಳೂ ನಿರ್ಣಯದ ಹಕ್ಕೂ

ಐದು ವರ್ಷಗಳಿಗೊಮ್ಮೆ ಮತ ನೀಡಿದರೆ ಪ್ರಜಾಪ್ರಭುತ್ವವು ಪೂರ್ಣವಾಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ತಾನು ಬಾಳುವ ನೆಲದ ವಿಷಯದಲ್ಲಿಯೇ ತನ್ನ ಮಾತಿಗೆ ಬೆಲೆಯಿಲ್ಲವಾದರೆ ಆ ಮತದಿಂದ ಏನು ಫಲ? ೧೯೨೮ರ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ ಜಯಪಾಲ್ ಸಿಂಗ್ ಮುಂಡಾ ಅವರು ೧೯೪೬ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಆದಿವಾಸಿಗಳಿಗೆ ಪ್ರಜಾಪ್ರಭುತ್ವವನ್ನು ಕಲಿಸುವುದಲ್ಲ, ಅವರಿಂದಲೇ ಅದನ್ನು ಕಲಿಯಬೇಕೆಂಬ ಅಭಿಪ್ರಾಯವನ್ನು ಮುಂದಿಟ್ಟರು.

ಆ ಅಭಿಪ್ರಾಯಕ್ಕೆ ಕಾನೂನಿನ ರೂಪ ಬರಲು ಅರ್ಧ ಶತಮಾನವೇ ಹಿಡಿಯಿತು. ೧೯೯೬ರ ಅಧಿನಿಯಮವು ಪರಿಶಿಷ್ಟ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರವನ್ನಿತ್ತಿತು. ೨೦೦೬ರ ಅಧಿನಿಯಮವು ಅರಣ್ಯವಾಸಿಗಳ ಹಕ್ಕುಗಳನ್ನು ಮನ್ನಿಸಿತು. ಆದರೆ ಹಾಳೆಯ ಮೇಲಣ ಹಕ್ಕು ತಾನಾಗಿಯೇ ಹಳ್ಳಿಗೆ ನಡೆದು ಬರುವುದಿಲ್ಲ.

ಒಡಿಶಾದ ನಿಯಮಗಿರಿಯೇ ಇದಕ್ಕೆ ನಿದರ್ಶನ. ಡೊಂಗರಿಯಾ ಕೊಂಧ ಜನರಿಗೆ ಆ ಬೆಟ್ಟವು ನಿಯಮರಾಜನೆಂಬ ದೈವದ ನೆಲೆ. ಅದರ ನೆತ್ತಿಯಲ್ಲಿರುವ ಬಾಕ್ಸೈಟ್ ಅದಿರನ್ನು ಅಗೆಯುವ ಯೋಜನೆ ಹೊರಟಾಗ ವಿವಾದವು ನ್ಯಾಯಾಲಯವನ್ನು ಸೇರಿತು. ೨೦೧೩ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳೇ ಈ ವಿಷಯವನ್ನು ವಿಚಾರಿಸಲೆಂದು ತೀರ್ಪಿತ್ತಿತು. ಅದೇ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನ್ಯಾಯಾಧೀಶರ ಸಮ್ಮುಖದಲ್ಲಿ ೧೨ ಹಳ್ಳಿಗಳು ಸಭೆ ಸೇರಿದುವು. ಹನ್ನೆರಡೂ 'ಬೇಡ' ಎಂದುವು. ೨೦೧೪ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಗಣಿಗೆ ಅನುಮತಿಯನ್ನು ನಿರಾಕರಿಸಿತು.

ಇದು ದೊಡ್ಡ ಜಯವೇ ಸರಿ. ಆದರೂ ಬೆಟ್ಟದಲ್ಲಿ ನೂರಕ್ಕೂ ಮಿಕ್ಕಿ ಹಳ್ಳಿಗಳಿರುವಾಗ ಹನ್ನೆರಡನ್ನೇ ಆರಿಸಿದವರು ಯಾರು? ರಾಜ್ಯ ಸರ್ಕಾರ. ಯಾರನ್ನು ಕೇಳಬೇಕೆಂಬುದೂ ಒಂದು ನಿರ್ಣಯವಲ್ಲವೆ? ಅದರಲ್ಲಿಯೂ ಆ ಜನರಿಗೆ ಪಾಲಿರಬೇಕು.

'ದೇಶಕ್ಕೆ ಲೋಹ ಬೇಡವೆ?' ಎಂದು ಕೆಲವರು ಕೇಳುವರು. ಬೇಕು, ನಗರವಾಸಿಗಳಾದ ನಮ್ಮ ಅಡುಗೆಮನೆಯ ಪಾತ್ರೆಗಳಿಗೇ ಬೇಕು. ಆದುದರಿಂದಲೇ ಅದಕ್ಕಾಗಿ ಬೆಟ್ಟವನ್ನು ಕಳೆದುಕೊಳ್ಳುವವರ ಮಾತನ್ನು ಕೇಳುವ ಹೊಣೆ ನಮಗೆ ಹೆಚ್ಚು. ಕೇಳುವುದೆಂದರೆ ಕೆಲಸ ಆರಂಭವಾದ ಮೇಲೆ ಸಹಿ ಹಾಕಿಸಿಕೊಳ್ಳುವುದಲ್ಲ. ಮೊದಲೇ ಕೇಳಬೇಕು, ಲಾಭದೊಡನೆ ನಷ್ಟವನ್ನೂ ತಿಳಿಸಬೇಕು, ಅವರ ಕುವಿ ಭಾಷೆಯಲ್ಲಿಯೇ ತಿಳಿಸಬೇಕು. ಪರಭಾಷೆಯ ನಗರದಲ್ಲಿ ಕನ್ನಡದಲ್ಲಿ ಓದುವ ನಮಗೆ, ಅರಿಯದ ಭಾಷೆಯ ಪ್ರಕಟಣೆಯ ಮುಂದೆ ನಿಲ್ಲುವ ಸಂಕಟವನ್ನು ವಿವರಿಸಬೇಕಾಗಿಲ್ಲ. ಎಲ್ಲಕ್ಕೂ ಮಿಗಿಲಾಗಿ, 'ಬೇಡ' ಎಂಬ ಉತ್ತರವನ್ನೂ ಒಪ್ಪುವ ಮನಸ್ಸಿರಬೇಕು. 'ಹೌದು' ಎಂಬುದೊಂದೇ ಉತ್ತರಕ್ಕೆ ಎಡೆಯಿರುವ ಪ್ರಶ್ನೆ ಪ್ರಶ್ನೆಯೇ ಅಲ್ಲ, ಅದು ಆಜ್ಞೆ.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಇಂಜಿನಿಯರುಗಳೂ ಅಧಿಕಾರಿಗಳೂ ಆಗುವಿರಿ. ನಕ್ಷೆಯ ಮೇಲೆ ಗೆರೆ ಎಳೆಯುವ ಮುನ್ನ ಆ ಗೆರೆಯ ಕೆಳಗೆ ಯಾರ ಮನೆಯಿದೆಯೆಂದು ವಿಚಾರಿಸಿರಿ. ಅವರ ಉತ್ತರ ಬರುವ ತನಕ ಲೇಖನಿಯನ್ನು ಕೆಳಗಿಡಿರಿ.